ಬಾಳೆಹಣ್ಣು ತಟ್ಟೆಯಲ್ಲಿ ಕೂರುತ್ತಿಲ್ಲ, ತೇಲುತ್ತಿದೆ. ಏನು ಮಾಡಲಿ?

ಭಾನುವಾರದ ಬಣ್ಣ, ದಾವಣಗೆರೆ
ಭಾನುವಾರ ಸಂಜೆ 6.40

ಎಲ್ಲರಿಗೂ ನಮಸ್ಕಾರ. ನಾನು ಕುಂಚ ಹಿಡಿಯದೆ ಇಪ್ಪತ್ತೆರಡು ವರ್ಷ ಆಗಿತ್ತು. ಮಗಳ ವಾಟರ್ ಕಲರ್ ಡಬ್ಬಿ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ಹೋದ ತಿಂಗಳಿಂದ ಭಾನುವಾರ ಮಾತ್ರ ಕೂರುತ್ತಿದ್ದೇನೆ. ಇವತ್ತು ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆ ಇಟ್ಟು, ಅದರಲ್ಲಿ ಮೂರು ಬಾಳೆಹಣ್ಣು, ಒಂದು ಬಾದಾಮಿ ಮಾವು, ಒಂದು ಮೂಸಂಬಿ, ಪಕ್ಕಕ್ಕೆ ಒಂದು ಗೊಂಚಲು ಕಪ್ಪು ದ್ರಾಕ್ಷಿ ಜೋಡಿಸಿದೆ. ನಾಲ್ಕು ಗಂಟೆ ಕೂತು ಬಿಡಿಸಿದ್ದರ ಫೋಟೋ ಹಾಕಿದ್ದೇನೆ. ನಗಬೇಡಿ.

ಒಂದೊಂದೇ ಹಣ್ಣು ನೋಡಿದರೆ ಪರವಾಗಿಲ್ಲ ಅನಿಸುತ್ತೆ. ಒಟ್ಟಿಗೆ ನೋಡಿದರೆ ಎಲ್ಲಾ ಗಾಳಿಯಲ್ಲಿ ತೇಲುತ್ತಿವೆ. ಮಾವಿನಹಣ್ಣು ಉರುಳಿ ನನ್ನ ಮಡಿಲಿಗೇ ಬೀಳುವ ಹಾಗಿದೆ. ಬಾಳೆಹಣ್ಣಿನ ನೆರಳಿನ ಕಡೆ ಹಸಿರು ಹಸಿರಾಗಿ ಕೊಳೆತ ಹಾಗಾಯ್ತು. ದ್ರಾಕ್ಷಿಯಂತೂ ಗೋಲಿ. ನಮ್ಮ ಅತ್ತೆ ನೋಡಿ, "ಹಣ್ಣಿನ ತಟ್ಟೆಯಲ್ಲಿ ಮೊಟ್ಟೆ ಯಾಕೆ ಇಟ್ಟಿದೀಯ?" ಅಂದರು. ಅದು ಮೂಸಂಬಿ. ನಮ್ಮದು ಮೊಟ್ಟೆ ತರುವ ಮನೆಯೂ ಅಲ್ಲ.

ಒಂದು ಪುಸ್ತಕದಲ್ಲಿ ಉತ್ತರದ ಕಿಟಕಿ ಹತ್ತಿರ ಕೂರಿ ಅಂತ ಇತ್ತು. ಹಾಗೇ ಕೂತಿದ್ದೆ. ಬೆಳಕು ಸಾಲದು ಅಂತ ಟ್ಯೂಬ್‌ಲೈಟೂ ಹಾಕಿಕೊಂಡಿದ್ದೆ. ಎಲ್ಲಿ ತಪ್ಪಿದೆ, ಹೇಳ್ತೀರಾ?

ಗೋಡೆಗೊಂದು ಮೊಳೆ, ಬೆಂಗಳೂರು
ಭಾನುವಾರ ಸಂಜೆ 7.05

ಮೊಬೈಲಲ್ಲಿ ಒಂದು ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಗೋಡೆಗೆ ಹೊಡೆಯಿರಿ. ಐದು ನಿಮಿಷದ ಕೆಲಸ. ಉಳಿದ ಮೂರು ಗಂಟೆ ಐವತ್ತೈದು ನಿಮಿಷ ಮಾವಿನಹಣ್ಣು ತಿನ್ನಿ. ಬಾದಾಮಿ ಸೀಸನ್ ಮುಗಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಎರಡನೇ ಬೆಲ್, ಧಾರವಾಡ
ಭಾನುವಾರ ರಾತ್ರಿ 8.20

ತಂಗಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವನು ನಾನು. ನಿಮ್ಮ ಹಣ್ಣು ಚಲೋ ಬಂದಿವೆ. ತಪ್ಪಿರುವುದು ಮೇಜು.

ಒಂದು ಕೆಲಸ ಮಾಡಿ. ಬಿಳಿ ಹಾಳೆಯ ಮೇಲೆ ಒಂದು ನಿಂಬೆಹಣ್ಣು ಇಡಿ. ಟ್ಯೂಬ್‌ಲೈಟ್ ಆರಿಸಿ, ಬೆಳಕು ಒಂದೇ ಕಡೆಯಿಂದ ಬರಲಿ. ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಹಣ್ಣು ಹಾಳೆಗೆ ತಾಗಿದ ಜಾಗದಲ್ಲಿ ಎಳೆಯಷ್ಟು ಸಣ್ಣ ಕಪ್ಪು ಗೆರೆ ಕಾಣುತ್ತದೆ. ನಿಮ್ಮ ಕಣ್ಣೆದುರು ಅದಕ್ಕಿಂತ ಗಾಢವಾದದ್ದು ಇನ್ನೊಂದಿಲ್ಲ. ಅಲ್ಲಿಂದ ದೂರ ಹೋದ ಹಾಗೆ ನೆರಳು ತಿಳಿಯಾಗುತ್ತದೆ, ಅದರ ಅಂಚು ಮೆತ್ತಗಾಗುತ್ತದೆ. ಹಣ್ಣಿನ ಹೊಟ್ಟೆಯ ಕೆಳಭಾಗ ನೋಡಿ. ಅಲ್ಲಿ ಪೂರ್ತಿ ಕತ್ತಲೆ ಇಲ್ಲ. ಬಿಳಿ ಹಾಳೆಯ ಬೆಳಕು ಪುಟಿದು ಅಲ್ಲಿಗೆ ಮಸುಕಾಗಿ ಬಡಿದಿರುತ್ತದೆ.

ಈಗ ಆ ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಒಂದು ಇಂಚು ಮೇಲೆ ಎತ್ತಿ. ಕಪ್ಪು ಗೆರೆ ಮಾಯ! ನೆರಳು ಹಣ್ಣನ್ನು ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಇನ್ನು ನಿಮ್ಮ ಚಿತ್ರ ನೋಡಿಕೊಳ್ಳಿ. ಮಾವಿಗೂ ಅದರ ನೆರಳಿಗೂ ನಡುವೆ ಬಿಳಿ ಕಾಗದ ಹಾಗೇ ಉಳಿದಿದೆ. ಎತ್ತಿ ಹಿಡಿದ ಮಾವಿನಹಣ್ಣನ್ನು ನೀವು ಸರಿಯಾಗಿಯೇ ಬಿಡಿಸಿದ್ದೀರಿ.

ಇನ್ನೊಂದು ಮಾತು. ತಟ್ಟೆ ಬಿಡಿಸುವಾಗ ನಿಂತಿದ್ದಿರಿ, ಹಣ್ಣು ಬಿಡಿಸುವಾಗ ಕೂತಿದ್ದಿರಿ. ಹೌದೋ ಅಲ್ಲವೋ?

ಭಾನುವಾರದ ಬಣ್ಣ, ದಾವಣಗೆರೆ
ಭಾನುವಾರ ರಾತ್ರಿ 8.52

ಅಯ್ಯೋ ಮೇಷ್ಟ್ರೇ, ಹೇಗೆ ಗೊತ್ತಾಯ್ತು? ಕುಕ್ಕರ್ ಕೂಗಿತು ಅಂತ ಎದ್ದು ಹೋದೆ. ವಾಪಸ್ ಬಂದು ನಿಂತುಕೊಂಡೇ ತಟ್ಟೆ ಗೆರೆ ಎಳೆದೆ. ಆಮೇಲೆ ಕೂತೆ.

ನಿಂಬೆಹಣ್ಣು ಈಗಷ್ಟೇ ಎತ್ತಿ ನೋಡಿದೆ. ಮಗಳನ್ನೂ ಕರೆದು ತೋರಿಸಿದೆ. ನಲವತ್ತು ವರ್ಷದಿಂದ ನಿಂಬೆಹಣ್ಣು ನೋಡುತ್ತಿದ್ದೇನೆ, ಆ ಗೆರೆ ಕಂಡಿರಲಿಲ್ಲ.

ಎರಡನೇ ಬೆಲ್, ಧಾರವಾಡ
ಭಾನುವಾರ ರಾತ್ರಿ 9.15

ತಟ್ಟೆಯೇ ಹೇಳಿತು. ದುಂಡಗಿನ ತಟ್ಟೆ ಮೇಜಿನ ಮೇಲೆ ಮಲಗಿದರೆ ನಮಗೆ ಮೊಟ್ಟೆಯಾಕಾರ ಕಾಣುತ್ತದೆ. (ನಿಮ್ಮ ಅತ್ತೆಯವರಿಗೆ ಹೇಳಬೇಡಿ.) ಪಕ್ಕದಿಂದ ಪಕ್ಕಕ್ಕೆ ಹತ್ತು ಪಾಲು ಇದ್ದರೆ, ಕುರ್ಚಿಯಲ್ಲಿ ಕೂತವರಿಗೆ ಮೇಲಿಂದ ಕೆಳಕ್ಕೆ ಸುಮಾರು ಐದು ಪಾಲು ಕಾಣುತ್ತದೆ. ಹತ್ತಿರ ನಿಂತು ಬಗ್ಗಿ ನೋಡಿದವರಿಗೆ ಎಂಟು. ನಿಮ್ಮ ತಟ್ಟೆ ಹತ್ತಕ್ಕೆ ಎಂಟು ಇದೆ. ಮಾವು ಮಾತ್ರ ಕೂತವರ ಕಣ್ಣಿಗೆ ಕಂಡ ಮಾವು. ಹಾಗಾಗಿಯೇ ಅದು ಜಾರುವ ಹಾಗೆ ಕಾಣುವುದು.

ಅಳೆಯುವುದು ಕಷ್ಟವೇನಲ್ಲ. ತೋಳು ನೇರ ಚಾಚಿ, ಮೊಣಕೈ ಮಡಿಸದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯಿಂದ ಹೆಬ್ಬೆರಳಿನ ಉಗುರಿನವರೆಗೆ ಅಳತೆ ಹಿಡಿಯಿರಿ. ತಟ್ಟೆಯ ಎರಡು ತುದಿ ಚೂಪು ಮಾಡಬೇಡಿ. ಅಲ್ಲಿಯೂ ಗೆರೆ ಬಾಗಿ ತಿರುಗುತ್ತದೆ. ಹುಡುಗರು ತಪ್ಪುವುದೇ ಅಲ್ಲಿ, ತಟ್ಟೆ ಹೋಗಿ ಮೀನು ಆಗುತ್ತದೆ.

ಕುರ್ಚಿಯ ನಾಲ್ಕು ಕಾಲಿನ ಸುತ್ತ ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಎದ್ದು ಹೋದರೂ ಬಂದು ಅದೇ ಜಾಗದಲ್ಲಿ ಕೂರಬಹುದು.

ಚಳಿಯ ಶಿಕಾಗೋ
ಸೋಮವಾರ ಬೆಳಗ್ಗೆ 7.30

ಮೇಷ್ಟ್ರ ಮಾತಿಗೆ ಒಂದು ತರಲೆ ಸೇರಿಸಲಾ? ಇಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂನಲ್ಲಿ ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ 1893ರ ಸುಮಾರಿಗೆ ಬರೆದ ಸೇಬಿನ ಬುಟ್ಟಿಯ ಚಿತ್ರ ಇದೆ. ಮನೆಗೆ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಹೋಗಿ, ನೋಡಿ ನೋಡಿ ಬಾಯಿಪಾಠ ಆಗಿದೆ. ಮೇಜಿನ ಮುಂದಿನ ಅಂಚು ಎಡಗಡೆ ಒಂದು ಎತ್ತರದಲ್ಲಿದೆ, ಬಟ್ಟೆಯ ಹಿಂದೆ ಹೋಗಿ ಬಲಗಡೆ ಹೊರಬರುವಾಗ ಇನ್ನೊಂದು ಎತ್ತರದಲ್ಲಿದೆ. ಬಾಟಲಿ ವಾಲಿದೆ. ಬುಟ್ಟಿಯೂ ಮುಂದಕ್ಕೆ ವಾಲಿದೆ. ಬಿಸ್ಕತ್ತಿನ ತಟ್ಟೆಯನ್ನು ಒಂದು ಕಡೆಯಿಂದ ನೋಡಿದ್ದಾನೆ, ಬುಟ್ಟಿಯನ್ನು ಇನ್ನೊಂದು ಕಡೆಯಿಂದ. ಅಂದರೆ ಅವನೂ ಕುಕ್ಕರ್ ಕೂಗಿದಾಗ ಎದ್ದು ಹೋಗಿದ್ದ!

ಅಷ್ಟಾದರೂ ಒಂದು ಸೇಬೂ ಉರುಳುವುದಿಲ್ಲ. ಯಾಕೆ ಅಂತ ಇನ್ನೂ ನನಗೆ ಪೂರ್ತಿ ಹೊಳೆದಿಲ್ಲ.

ಹೈಯರ್ ಗ್ರೇಡ್ ಹುಡುಗ, ಹಾಸನ
ಸೋಮವಾರ ಬೆಳಗ್ಗೆ 8.10

ಸೆಜಾನ್ ಮಾಡಿದ್ರೆ ಕಲೆ, ನಾವು ಮಾಡಿದ್ರೆ ಮಾರ್ಕ್ಸ್ ಕಟ್. ಇದು ಯಾವ ನ್ಯಾಯ ಸರ್? ನಾನು ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ್ದೇನೆ. ಇನ್ನೊಂದು ಡೌಟು: ಹೀಗೆ ಹಣ್ಣು, ತಟ್ಟೆ ಜೋಡಿಸಿಟ್ಟು ಬಿಡಿಸೋ ಸ್ಟಿಲ್ ಲೈಫ್‌ಗೆ ಕನ್ನಡದಲ್ಲಿ ಏನಂತಾರೆ? ಸ್ತಬ್ಧಚಿತ್ರ ಅಂದ್ರೆ ನಮ್ಮಮ್ಮ ದಸರಾ ಮೆರವಣಿಗೆಯಾ ಅಂತ ಕೇಳಿದ್ರು.

ಎರಡನೇ ಬೆಲ್, ಧಾರವಾಡ
ಸೋಮವಾರ ಬೆಳಗ್ಗೆ 10.45

ಹುಡುಗಾ, ನಮ್ಮ ಕಾಲದಲ್ಲಿ ವಸ್ತುಚಿತ್ರ ಅನ್ನುತ್ತಿದ್ದೆವು. ಈಗ ಎಲ್ಲರೂ ಸ್ಟಿಲ್ ಲೈಫ್ ಅಂತಲೇ ಅನ್ನುತ್ತಾರೆ. ಹಾಗೇ ಅನ್ನು.

ಸೆಜಾನ್ ವಿಷಯ. ಅವನು ಹಣ್ಣು ಜೋಡಿಸುವುದನ್ನು ಲೂಯಿ ಲ ಬೈಲ್ ಎಂಬ ಕಿರಿಯ ಚಿತ್ರಕಾರ ಕಣ್ಣಾರೆ ನೋಡಿ ಹೇಳಿದ್ದಾನೆ. ಮೊದಲು ಬಟ್ಟೆ ಹಾಸುತ್ತಾನೆ. ಆಮೇಲೆ ಕೆಂಪಿನ ಪಕ್ಕಕ್ಕೆ ಹಸಿರು ಬರುವ ಹಾಗೆ ಹಣ್ಣು ಇಡುತ್ತಾನೆ. ಆಮೇಲೆ ಹಣ್ಣಿನ ಅಡಿಗೆ ನಾಣ್ಯ ತುರುಕಿ, ಬೇಕಾದಷ್ಟೇ ವಾಲಿಸುತ್ತಾನೆ. ಹಣ್ಣು ಹೇಗೆ ಕೂರಬೇಕು ಅಂತ ನಾಣ್ಯದ ದಪ್ಪದ ಲೆಕ್ಕದಲ್ಲಿ ಯೋಚಿಸಿದವನು ಮೇಜಿನ ಅಂಚು ಮುರಿದರೆ ಬೇಕಂತಲೇ ಮುರಿದಿರುತ್ತಾನೆ. ನೀನು ಕುಕ್ಕರ್ ಕೂಗಿದ್ದಕ್ಕೆ ಮುರಿದರೆ ಮಾರ್ಕ್ಸ್ ಕಟ್.

ಚಳಿಯ ಶಿಕಾಗೋ
ಸೋಮವಾರ ಸಂಜೆ 6.15

ಒಪ್ಪಿದೆ ಸರ್. ಅವನು ಎಷ್ಟು ನಿಧಾನ ಅಂದರೆ, ಹೂವು ಬಾಡಿಹೋಗುತ್ತದೆ ಅಂತ ಕಾಗದದ ಹೂವು ಇಟ್ಟುಕೊಂಡು ಬರೆಯುತ್ತಿದ್ದನಂತೆ. ಚಿತ್ರ ಮಾರುತ್ತಿದ್ದ ಆಂಬ್ರ್ವಾಸ್ ವೊಲಾರ್ ಎಂಬುವನು 1899ರಲ್ಲಿ ತನ್ನ ಭಾವಚಿತ್ರಕ್ಕೆ ಕೂತ. ನೂರಕ್ಕೂ ಹೆಚ್ಚು ಸಲ ಕೂತೆ ಅಂತ ಅವನೇ ಬರೆದುಕೊಂಡಿದ್ದಾನೆ. ಒಂದು ದಿನ ತೂಕಡಿಸಿ ಕುರ್ಚಿ ಸಮೇತ ಬಿದ್ದನಂತೆ. ಬಿದ್ದವನಿಗೆ ಪೆಟ್ಟಾಯಿತಾ ಅಂತ ಕೇಳಲಿಲ್ಲ, ಸೇಬಿನ ಹಾಗೆ ಕೂತಿರಬೇಕು, ಸೇಬು ಎಲ್ಲಾದರೂ ಅಲುಗಾಡುತ್ತಾ ಅಂತ ಬೈದನಂತೆ ಸೆಜಾನ್.

ನೆರಳಿಲ್ಲದ ದಿನ, ಬೆಂಗಳೂರು
ಸೋಮವಾರ ರಾತ್ರಿ 9.40

ಮೇಡಂ, ಉತ್ತರದ ಕಿಟಕಿ ವಿಷಯ ಯಾರೂ ಎತ್ತಲಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತೆ.

ಆ ಪುಸ್ತಕ ಬರೆದವರು ಯೂರೋಪಿನವರೋ ಅಮೆರಿಕದವರೋ ಇರಬೇಕು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರುತ್ತಾನೆ. ಉತ್ತರದ ಕಿಟಕಿಯಲ್ಲಿ ಬರುವುದು ಬರೀ ಆಕಾಶದ ಬೆಳಕು. ಗಂಟೆಗಟ್ಟಲೆ ಹೆಚ್ಚು ಬದಲಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ದಾವಣಗೆರೆ ಹದಿನಾಲ್ಕೂವರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೆ. ನಿಮ್ಮೂರಲ್ಲಿ ಕೆಲವು ದಿನ ಆಚೀಚೆ, ಅಷ್ಟೇ. ಬೆಳಗ್ಗೆ, ಸಂಜೆಯಂತೂ ಈಗ ಬಿಸಿಲು ಈಶಾನ್ಯದಿಂದ, ವಾಯವ್ಯದಿಂದ ಓರೆಯಾಗಿ ಉತ್ತರದ ಕಿಟಕಿಗೇ ನುಗ್ಗುತ್ತದೆ.

ಅಂದರೆ ಮಾವಿನ ಕಾಲದಲ್ಲಿ ನಮಗೆ ಬೇಕಾದ್ದು ದಕ್ಷಿಣದ ಕಿಟಕಿ. ಪುಸ್ತಕ ಮುಚ್ಚಿಡಿ.

ನೀವು ನಾಲ್ಕು ಗಂಟೆ ಕೂತಿದ್ದೀರಿ. ಗಂಟೆಗೆ 15 ಡಿಗ್ರಿಯಂತೆ ಸೂರ್ಯ 60 ಡಿಗ್ರಿ ಸರಿದಿದ್ದಾನೆ. ಮೂಸಂಬಿಯ ನೆರಳು ಬೆಳಗಿನದು, ದ್ರಾಕ್ಷಿಯದು ಮಧ್ಯಾಹ್ನದ್ದು, ಮೇಲಿಂದ ಟ್ಯೂಬ್‌ಲೈಟಿನ ಇನ್ನೊಂದು ನೆರಳು. ಫೋಟೋ ದೊಡ್ಡದು ಮಾಡಿ ನೋಡಿದೆ, ಒಂದೇ ತಟ್ಟೆಯಲ್ಲಿ ಮೂರು ಸೂರ್ಯ ಇದ್ದಾರೆ. ಸುಲಭದ ದಾರಿ ಅಂದರೆ ಕಿಟಕಿಗೆ ಪರದೆ ಎಳೆದು, ಎಡಗಡೆ ಒಂದು ಟೇಬಲ್ ಲ್ಯಾಂಪ್ ಇಡುವುದು. ರಾತ್ರಿಯೂ ಬಿಡಿಸಬಹುದು.

ಕಾಟುಮಾವು, ಪುತ್ತೂರು
ಮಂಗಳವಾರ ಬೆಳಗ್ಗೆ 6.50

ಅಕ್ಕ, ಬಾಳೆಹಣ್ಣು ಹಸಿರಾದದ್ದು ಯಾಕೆ ಅಂತ ನಾನು ಹೇಳುತ್ತೇನೆ. ನೆರಳಿಗೆ ಹಳದಿಯ ಜೊತೆ ಕಪ್ಪು ಕಲಸಿದ್ದೀರಿ, ಅಲ್ವಾ? ಡಬ್ಬಿಯ ಕಪ್ಪಿನಲ್ಲಿ ಸ್ವಲ್ಪ ನೀಲಿ ಛಾಯೆ ಅಡಗಿರುತ್ತದೆ. ಲೆಮನ್ ಯೆಲ್ಲೋಗೆ ಕಪ್ಪು ಬೆರೆಸಿದರೆ ಪಾಚಿ ಹಸಿರು ಬರುತ್ತದೆ. ಎಲೆ ಬಿಡಿಸುವಾಗ ನಾನು ಬೇಕಂತಲೇ ಹಾಗೆ ಮಾಡುವುದುಂಟು.

ಬಾಳೆಹಣ್ಣನ್ನು ಹತ್ತಿರದಿಂದ ನೋಡಿ. ಅದು ದುಂಡಗಿಲ್ಲ. ಉದ್ದಕ್ಕೆ ಏಣು ಇದೆ. ಒಂದು ಏಣಿನಿಂದ ಇನ್ನೊಂದಕ್ಕೆ ಒಂದು ಚಪ್ಪಟೆ ಪಟ್ಟಿ. ಬೆಳಕಿಗೆ ಮುಖ ಮಾಡಿದ ಪಟ್ಟಿಗೆ ತೆಳು ಹಳದಿ. ನಡುವಿನದಕ್ಕೆ ಯೆಲ್ಲೋ ಆಕರ್, ಅಂದರೆ ಮಣ್ಣು ಹಳದಿ. ನೆರಳಿನದಕ್ಕೆ ಆಕರ್ ಜೊತೆ ಚೂರು ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಒಂದು ಹನಿ ನೇರಳೆ. ಮೂರು ಪಟ್ಟಿ ಹಾಕಿದರೆ ಬಾಳೆಹಣ್ಣು ತಾನಾಗಿಯೇ ತಿರುಗುತ್ತದೆ. ಪಟ್ಟಿಗಳ ಗಡಿಯನ್ನು ಉಜ್ಜಿ ನುಣುಪು ಮಾಡಲು ಹೋಗಬೇಡಿ. ಉಜ್ಜಿದರೆ ಪ್ಲಾಸ್ಟಿಕ್ ಬಾಳೆಹಣ್ಣು.

ದ್ರಾಕ್ಷಿ ಉಜ್ಜಿ ತೊಳೆದಿದ್ದೀರಿ, ಅದೂ ಗೊತ್ತಾಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ ಬೂದಿ ಹಚ್ಚಿದ ಹಾಗೆ ಒಂದು ಪೊರೆ ಇರುತ್ತದೆ. ಅದು ಔಷಧಿಯಲ್ಲ, ಹಣ್ಣಿನದೇ ಮೇಣ. ಅದು ಹೋದರೆ ಉಳಿಯುವುದು ಗಾಜಿನ ಗೋಲಿ. ಬಿಡಿಸುವ ದ್ರಾಕ್ಷಿ ತೊಳೆಯಬೇಡಿ. ಒಂದು ಹಣ್ಣಿನ ಮೇಲೆ ಮಾತ್ರ ಹೆಬ್ಬೆರಳಿನಿಂದ ಒಮ್ಮೆ ಒರೆಸಿ. ಅಲ್ಲಿ ಗಾಢ ನೇರಳೆ ಹೊಳೆಯುತ್ತದೆ, ಉಳಿದವು ಮಂಕು ನೀಲಿ. ಎಲ್ಲ ಹಣ್ಣನ್ನೂ ಒಂದೊಂದಾಗಿ ಬಿಡಿಸುವ ಹಠ ಬೇಡ. ಮೊದಲು ಗೊಂಚಲನ್ನು ಒಂದೇ ಮುದ್ದೆಯಾಗಿ ಬಳಿಯಿರಿ. ಆಮೇಲೆ ಮುಂದಿನ ನಾಲ್ಕೈದನ್ನು ಮಾತ್ರ ಎತ್ತಿ ತೋರಿಸಿ. ಬಿಳಿ ಹೊಳಪಿಗೆ ಕಾಗದವನ್ನೇ ಬಿಟ್ಟುಕೊಳ್ಳಿ, ಆಮೇಲೆ ಬಿಳಿ ಬಣ್ಣ ಮೆತ್ತಿದರೆ ಸುಣ್ಣದ ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ.

ವಾಟರ್ ಕಲರಿನಲ್ಲಿ ಕತ್ತಲೆ ಕಟ್ಟಲಿಕ್ಕೆ ಆಗುವುದಿಲ್ಲ ಅನ್ನುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬರಲಿ. ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟು ನಿಂತ ಹೆಂಗಸಿನ ಚಿತ್ರ ಇದೆಯಲ್ಲ, ಎಷ್ಟೋ ಜನ ಅದನ್ನು ರವಿವರ್ಮನದು, ಎಣ್ಣೆಬಣ್ಣದ್ದು ಅಂದುಕೊಂಡಿದ್ದಾರೆ. ಎರಡೂ ತಪ್ಪು. ಅದು ಎಸ್. ಎಲ್. ಹಲ್ದಣ್‌ಕರ್ ಅವರ ಜಲವರ್ಣ. ಬೆರಳುಗಳ ಅಂಚಿನ ಕೆಂಪು ನೋಡಿ ಬನ್ನಿ.

ಗೋಡೆಗೊಂದು ಮೊಳೆ, ಬೆಂಗಳೂರು
ಮಂಗಳವಾರ ಮಧ್ಯಾಹ್ನ 1.30

ಎಲ್ಲ ಸರಿ. ಆದರೂ ಈ ಹಣ್ಣು-ತಟ್ಟೆ ವ್ಯವಹಾರ ಪಾಶ್ಚಾತ್ಯರದ್ದು. ಅವರ ಮನೆಯಲ್ಲಿ ಸೇಬು, ನಮ್ಮ ಮನೆಯಲ್ಲಿ ಅದರ ಕಾಪಿ. ನಮಗೆ ಇದರಲ್ಲಿ ಏನಿದೆ?

ಕಾಟುಮಾವು, ಪುತ್ತೂರು
ಮಂಗಳವಾರ ಮಧ್ಯಾಹ್ನ 2.10

ತಾಂಬೂಲದ ತಟ್ಟೆ ನೋಡಿಲ್ವಾ ಅಣ್ಣಾ? ವೀಳ್ಯದೆಲೆ ತೊಟ್ಟು ಎತ್ತ ಇರಬೇಕು, ಅಡಿಕೆ ಎಲ್ಲಿ, ಬಾಳೆಹಣ್ಣು ಎಷ್ಟು, ತೆಂಗಿನಕಾಯಿ ಜುಟ್ಟು ಯಾವ ಕಡೆ ಅಂತ ನಮ್ಮ ಅಜ್ಜಿ ಜೋಡಿಸುವುದು ನೋಡಿದ್ದರೆ ಸೆಜಾನ್ ನಾಣ್ಯ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಜೋಡಿಸುವುದು ನಮಗೆ ಹೊಸದಲ್ಲ. ಕೂತು ಬಿಡಿಸಲಿಲ್ಲ, ಅಷ್ಟೇ.

ಚಳಿಯ ಶಿಕಾಗೋ
ಮಂಗಳವಾರ ಸಂಜೆ 7.00

ಸೇಬಿನ ಕಾಪಿ ಅಂದಿರಲ್ಲ, ಮಿಲಾನ್‌ನ ಅಂಬ್ರೋಸಿಯಾನಾ ಗ್ಯಾಲರಿಯಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೋ 1600ರ ಆಸುಪಾಸಿನಲ್ಲಿ ಬರೆದ ಹಣ್ಣಿನ ಬುಟ್ಟಿ ಇದೆ. ಎದುರಿನ ಸೇಬಿನಲ್ಲಿ ಹುಳು ತೂತು ಮಾಡಿದೆ. ಎಲೆಗಳು ಒಣಗಿ ಸುರುಟಿವೆ. ಮಾರ್ಕೆಟ್ಟಿನಲ್ಲಿ ಆರಿಸಿ ತಂದ ಹಣ್ಣಲ್ಲ, ಎದುರಿಗೆ ಇದ್ದದ್ದು. ಅಲ್ಲಿ ಮೇಜು ಅಂದರೆ ಕೆಳಗೆ ಒಂದು ಸಣ್ಣ ಪಟ್ಟಿ ಮಾತ್ರ. ಬುಟ್ಟಿಯ ತಳ ಆ ಪಟ್ಟಿಯಿಂದ ಚೂರೇ ಚೂರು ಮುಂದೆ ಚಾಚಿದೆ, ಅದರ ನೆರಳು ಪಟ್ಟಿಯ ಮೇಲೆ ಬಿದ್ದಿದೆ. ಇಡೀ ಬುಟ್ಟಿಯನ್ನು ಕೂರಿಸಿರುವುದು ಆ ಬೆರಳಗಲದ ನೆರಳು. ಧಾರವಾಡದ ಮೇಷ್ಟ್ರು ಹೇಳಿದ ನಿಂಬೆಹಣ್ಣಿನ ಮಾತೇ ಇದು.

ಗೋಡೆಗೊಂದು ಮೊಳೆ, ಬೆಂಗಳೂರು
ಮಂಗಳವಾರ ರಾತ್ರಿ 10.20

ಸರಿ ಸರಿ. ಫ್ರಿಜ್ಜಿನಲ್ಲಿ ಒಂದು ನಿಂಬೆಹಣ್ಣು ಇತ್ತು. ಎತ್ತಿ ನೋಡಿದೆ. ಹೆಚ್ಚು ಕೇಳಬೇಡಿ.

ಹೈಯರ್ ಗ್ರೇಡ್ ಹುಡುಗ, ಹಾಸನ
ಬುಧವಾರ ಬೆಳಗ್ಗೆ 7.15

ಅಕ್ಕ, ನಿಮ್ಮ ಚಿತ್ರದಲ್ಲಿ ಇನ್ನೊಂದು ನನಗೂ ಕಾಣ್ತು. ಮೇಜಿನ ಹಿಂದಿನ ಗೆರೆ ಕಾಗದದ ಸರಿಯಾಗಿ ಅರ್ಧಕ್ಕೆ ಬಂದಿದೆ, ಮಾವಿನ ತಲೆಯೂ ಅದೇ ಗೆರೆಗೆ ತಾಗಿ ನಿಂತಿದೆ. ಗೆರೆ ಒಂದಿಷ್ಟು ಮೇಲೆ ಹೋಗಲಿ, ಮಾವು ಅದನ್ನು ದಾಟಲಿ ಇಲ್ಲಾ ಕೆಳಗೆ ಇರಲಿ. ಬರೀ ತಾಗಿಕೊಂಡರೆ ಯಾವುದು ಮುಂದೆ, ಯಾವುದು ಹಿಂದೆ ಅಂತ ಗೊತ್ತಾಗಲ್ಲ. ನಮ್ಮ ಸರ್ ಇದಕ್ಕೇ ಜಾಸ್ತಿ ಬೈಯೋದು.

ಮತ್ತೆ ಕಾಗದ ಅಲೆ ಅಲೆಯಾಗಿದೆ. ಮಾಮೂಲಿ ಡ್ರಾಯಿಂಗ್ ಶೀಟಾ? 300 ಜಿಎಸ್‌ಎಂನ ದಪ್ಪ ಕಾಗದ ತಗೊಳ್ಳಿ, ನಾಲ್ಕೂ ಕಡೆ ಹಲಗೆಗೆ ಟೇಪ್ ಅಂಟಿಸಿ.

ಭಾನುವಾರದ ಬಣ್ಣ, ದಾವಣಗೆರೆ
ಭಾನುವಾರ ರಾತ್ರಿ 9.30

ಎಲ್ಲರಿಗೂ ಥ್ಯಾಂಕ್ಸ್. ವಾರವಿಡೀ ಬ್ಯಾಂಕಿನಲ್ಲಿ ಕೂತು ಪೇಪರ್‌ವೇಟ್‌ನ ನೆರಳು ನೋಡಿದ್ದೇ ಕೆಲಸ.

ಇವತ್ತು ಮತ್ತೆ ಕೂತೆ. ಪರದೆ ಎಳೆದು, ಮಗಳ ಟೇಬಲ್ ಲ್ಯಾಂಪ್ ಎಡಗಡೆ ಇಟ್ಟೆ. ಕುರ್ಚಿಗೆ ಸೀಮೆಸುಣ್ಣದ ಗುರುತು ಹಾಕಿದೆ, ಮೇಜಿನ ಮೇಲೆ ಒಂದೊಂದು ಹಣ್ಣಿನ ಸುತ್ತಲೂ ಹಾಕಿದೆ. ಅದು ಒಳ್ಳೇದೇ ಆಯ್ತು. ಹನ್ನೊಂದು ಗಂಟೆಗೆ ಅತ್ತೆ ಪೂಜೆಗೆ ಅಂತ ಬಾಳೆಹಣ್ಣು ಎತ್ತಿಕೊಂಡು ಹೋದರು. ನೈವೇದ್ಯ ಆದ ಮೇಲೆ ಎರಡು ವಾಪಸ್ ಬಂದವು, ಒಂದು ಪ್ರಸಾದ ಆಗಿಹೋಯ್ತು. ಹಾಗಾಗಿ ಚಿತ್ರದಲ್ಲಿ ಈಗ ಎರಡೇ ಬಾಳೆಹಣ್ಣು, ಒಂದರ ಸಿಪ್ಪೆ ಮೇಲೆ ಕುಂಕುಮ. ಕುಂಕುಮ ಒರೆಸಲಿಲ್ಲ, ಹಾಗೇ ಬಿಡಿಸಿದೆ. ಇಡೀ ಚಿತ್ರದಲ್ಲಿ ಚೆನ್ನಾಗಿ ಬಂದಿರುವುದು ಅದೇ.

ಸ್ಟೀಲ್ ತಟ್ಟೆ ತೆಗೆದೆ, ಸದ್ಯಕ್ಕೆ ನನಗೆ ಅದು ಆಗಲ್ಲ. ಒಂದು ಹಣ್ಣಿಗೆ ಮೂರು ಪ್ರತಿಬಿಂಬ ಕೊಡುತ್ತೆ. ಮೊರದ ಮೇಲೆ ಇಟ್ಟೆ. ಮಾವಿನ ಅಡಿಯ ಆ ಕಪ್ಪು ಗೆರೆ ಎಳೆದ ತಕ್ಷಣ ಹಣ್ಣು 'ಧಪ್' ಅಂತ ಕೂತಿತು. ಮಗಳು ಪಕ್ಕದಲ್ಲೇ ಇದ್ದಳು, ಅವಳಿಗೂ ಕಂಡಿತು. ದ್ರಾಕ್ಷಿ ಇನ್ನೂ ಅರ್ಧ ಗೋಲಿ.

ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಈ ಮೂಸಂಬಿ ಬಾಡಿದೆ ಕಣೇ. ಇದರಲ್ಲಿ ಅರ್ಧ ಲೋಟ ರಸವೂ ಬರಲ್ಲ" ಅಂದರು.

ಎರಡನೇ ಬೆಲ್, ಧಾರವಾಡ
ಭಾನುವಾರ ರಾತ್ರಿ 9.55

ಫೋಟೋ ನೋಡಿದೆ ತಂಗಿ. ಅತ್ತೆಯವರು ಹೇಳಿದ್ದು ಖರೆ, ಮೂಸಂಬಿ ಬಾಡಿದೆ. ಮುಂದಿನ ವಾರ ಅದನ್ನೇ ಇಡಿ, ಬದಲಿಸಬೇಡಿ.